ಗೊತ್ತಿಲ್ಲದ ನಂಬರು ಎತ್ತಲೇಬೇಕಾದವರು

ಬೆಂಗಳೂರಿನಲ್ಲಿ ಡೆಸ್ಕ್ ಕೆಲಸ ಮಾಡುವ ನಮ್ಮ ಬ್ಯಾಚಿನ ಗೆಳೆಯನೊಬ್ಬ ಗೊತ್ತಿಲ್ಲದ ನಂಬರಿನ ಕರೆ ಎತ್ತುವುದನ್ನು ಬಿಟ್ಟು ಎರಡು ವರ್ಷವಾಯಿತಂತೆ. ‘ಬೇಕಾದವರು ವಾಟ್ಸಾಪ್ ಮಾಡ್ತಾರೆ ಬಿಡೋ’ ಅಂದ. ಅವನಿಗೆ ಅದು ನಡೆಯುತ್ತದೆ. ಹೋಬಳಿ ಸುತ್ತುವ ನಮ್ಮಂಥ ಸ್ಟ್ರಿಂಗರುಗಳಿಗೆ ನಡೆಯುವುದಿಲ್ಲ. ಗೊತ್ತಿರುವ ನಂಬರುಗಳಿಂದ ನಮಗೆ ಬರುವುದು ಪ್ರೆಸ್ ನೋಟು, ನಾಯಕರ ಹುಟ್ಟುಹಬ್ಬದ ಫೋಟೊ, ‘ಸ್ವಲ್ಪ ದೊಡ್ಡದಾಗಿ ಹಾಕ್ರಿ’ ಎಂಬ ಕೋರಿಕೆ. ಟ್ಯಾಂಕಿನ ನೀರು ಕುಡಿದು ಓಣಿಗೆ ಓಣಿಯೇ ವಾಂತಿ–ಭೇದಿಗೆ ಬಿದ್ದಿದೆ ಎಂಬ ಮಾತು ಬರುವುದು ಹೆಸರು ತೋರಿಸದ ಹತ್ತು ಅಂಕಿಗಳಿಂದ.

ಹಾಗಾಗಿ ಎಲ್ಲವನ್ನೂ ಎತ್ತುತ್ತೇನೆ. ಲೋನ್ ಬೇಕಾ ಸರ್, ದೇವನಹಳ್ಳಿ ಹತ್ತಿರ ಸೈಟಿದೆ ಸರ್, ನಿಮ್ಮ ಕಾರ್ಡ್ ಬ್ಲಾಕ್ ಆಗಿದೆ ಸರ್. ತಿಂಗಳ ಕೊನೆಗೆ ಕಾಲಂ ಅಳತೆ ಲೆಕ್ಕ ಹಾಕಿ ಸಂಭಾವನೆ ಪಡೆಯುವವನಿಗೆ ದೇವನಹಳ್ಳಿಯಲ್ಲಿ ಸೈಟು! ಜಾಹೀರಾತಿನ ಕರೆಗಳಿಗೆ 140ರಿಂದ ಶುರುವಾಗುವ ಸಂಖ್ಯೆ ಇದೆ, ಬೇಡವೆಂದರೆ 1909ಕ್ಕೆ ಹೇಳಿ ನೋಂದಾಯಿಸಿಕೊಳ್ಳಬಹುದು. ನಾನೂ ಮಾಡಿದೆ. ಆದರೆ ಕಾಡುವವರು ನಿಯಮದ ಸಂಖ್ಯೆಯಿಂದ ಮಾಡುವುದಿಲ್ಲ, ನಮ್ಮ ನಿಮ್ಮಂಥದೇ ಮಾಮೂಲಿ ನಂಬರಿನಿಂದ ಮಾಡುತ್ತಾರೆ.

ಕಳೆದ ಬೇಸಿಗೆಯಲ್ಲಿ ನಾನು ಒಂದು ಪರಿಶೀಲನಾ ಸಭೆಯಲ್ಲಿದ್ದೆ. ಫೋನ್ ಸೈಲೆಂಟಿನಲ್ಲಿತ್ತು. ಹೊರಗೆ ಬಂದು ನೋಡಿದರೆ ಒಂದೇ ನಂಬರಿನಿಂದ ಮೂರು ಮಿಸ್ಡ್ ಕಾಲ್. ತಿರುಗಿ ಹಚ್ಚಿದೆ. ಒಬ್ಬ ಹುಡುಗ ಎತ್ತಿದ.

‘ಅದು ನನ್ನ ಫೋನ್ ರೀ ಸರ. ಒಬ್ಬಾಕಿ ಮುದುಕಿ ಬಸ್‌ಸ್ಟ್ಯಾಂಡಿನ್ಯಾಗ ಇಸ್ಕೊಂಡು ಹಚ್ಚಿದ್ಲು. ನಾ ಈಗ ಗಂಗಾವತಿ ಬಸ್ಸಿನ್ಯಾಗ ಅದೀನಿ.’

‘ಯಾವೂರು ಅಂತ ಕೇಳಿದೇನಪ್ಪ?’

‘ಇಲ್ರಿ. ಪಗಾರ ಬಂದಿಲ್ಲ, ಪಗಾರ ಬಂದಿಲ್ಲ ಅಂತಿದ್ಲು. ಕೈಯಾಗ ಒಂದು ಪೇಪರ್ ತುಂಡು ಇತ್ತು, ಅದರಾಗ ನಿಮ್ಮ ನಂಬರ್ ಬರದಿತ್ತು.’

ನಮ್ಮ ಕಡೆ ಮುದುಕರು ಪಗಾರ ಎನ್ನುವುದು ವೃದ್ಧಾಪ್ಯ ವೇತನಕ್ಕೆ. ಯಾರೋ ನನ್ನ ನಂಬರು ಬರೆದುಕೊಟ್ಟಿದ್ದಾರೆ. ಅವಳು ಊರಿಂದ ಬಂದಿದ್ದಾಳೆ, ಅಪರಿಚಿತ ಹುಡುಗನ ಹತ್ತಿರ ಫೋನ್ ಕೇಳಿದ್ದಾಳೆ, ಒಂದಲ್ಲ ಮೂರು ಸಲ ಹಚ್ಚಿಸಿದ್ದಾಳೆ. ನನ್ನ ಫೋನಿನಲ್ಲಿ ಉಳಿದಿರುವುದು ಮಾತ್ರ ಗಂಗಾವತಿಗೆ ಹೋಗುತ್ತಿರುವ ಹುಡುಗನ ನಂಬರು. ಬಸ್‌ಸ್ಟ್ಯಾಂಡಿಗೆ ಹೋದೆ. ಅಲ್ಲಿ ಪೇಪರ್ ತುಂಡು ಹಿಡಿದ ಮುದುಕಿಯರು ಯಾವಾಗಲೂ ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ಅವಳು ಸಿಗಲಿಲ್ಲ. ಮುಂದಿನ ವಾರ ವೇತನ ನಿಂತವರ ಬಗ್ಗೆ ನಾಲ್ಕು ಊರು ತಿರುಗಿ ಬರೆದೆ. ಆಧಾರ್ ಜೋಡಣೆ ಆಗಿಲ್ಲ ಎಂದು ಕೆಲವರದು, ಬ್ಯಾಂಕ್ ಖಾತೆ ಬದಲಾಗಿದೆ ಎಂದು ಕೆಲವರದು ನಿಂತಿತ್ತು. ಬದುಕಿರುವಾಗಲೇ ಸತ್ತಿದ್ದಾರೆ ಎಂದು ದಾಖಲಾದವರು ಒಬ್ಬರಿದ್ದರು. ಅವರಲ್ಲಿ ಅವಳಿದ್ದಳೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ಆವತ್ತು ‘ಬೀಪ್ ಆದ ಮೇಲೆ ಮಾತಾಡಿ’ ಎನ್ನುವ ವಾಯ್ಸ್‌ಮೇಲ್ ಇದ್ದಿದ್ದರೆ ಅವಳ ಅರ್ಧ ನಿಮಿಷದ ದನಿಯಾದರೂ ಉಳಿಯುತ್ತಿತ್ತು, ಊರ ಹೆಸರು ಅದರಲ್ಲಿರುತ್ತಿತ್ತು. ಸಿಮ್ ಕಂಪನಿಯ ಅಂಗಡಿಗೆ ಹೋಗಿ ವಿಚಾರಿಸಿದೆ. ಕೌಂಟರಿನಲ್ಲಿದ್ದ ಹುಡುಗಿ, ‘ವಾಯ್ಸ್‌ಮೇಲ್ ಅಂದ್ರೆ ವಾಟ್ಸಾಪ್ ವಾಯ್ಸಾ ಸರ್?’ ಎಂದು ಕೇಳಿದಳು. ಅವಳ ತಪ್ಪಲ್ಲ, ನಮ್ಮಲ್ಲಿ ವಾಯ್ಸ್‌ಮೇಲ್ ಬೇರು ಬಿಡಲೇ ಇಲ್ಲ. ಅದಕ್ಕೆ ಕಾರಣ ದುಡ್ಡು. ನಮ್ಮ ಮಂದಿ ಮಾತಿಗಿಂತ ಮೊದಲು ಮಿಸ್ಡ್ ಕಾಲ್ ಕಲಿತವರು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲಂತೂ ಎರಡು ಸಲ ರಿಂಗ್ ಕೊಟ್ಟು ಕಟ್ ಮಾಡಿದರೆ ಖರ್ಚಿಲ್ಲದೆ ಸುದ್ದಿ ಮುಟ್ಟುತ್ತಿತ್ತು: ಬಸ್ ಇಳಿದೆ, ಹೊಲಕ್ಕೆ ಬುತ್ತಿ ತಾ, ನೀನೇ ಹಚ್ಚು. ವಾಯ್ಸ್‌ಮೇಲ್ ಎತ್ತಿಕೊಂಡರೆ ಕರೆ ಕೂಡಿದಂತೆ, ದುಡ್ಡು ಹೋದಂತೆ. ಮಿಸ್ಡ್ ಕಾಲಿನ ದೇಶದಲ್ಲಿ ಅದು ಶತ್ರುವಾಗಿತ್ತು.

ಅಮೆರಿಕದ ಕತೆ ಬೇರೆ. ಅಲ್ಲಿ ಜನ ದಶಕಗಳಿಂದ ವಾಯ್ಸ್‌ಮೇಲ್ ಬಳಸಿದವರು. ಈಗ ಅದು ಜರಡಿಯ ಕೆಲಸಕ್ಕೂ ಬರುತ್ತದೆ: ಗೊತ್ತಿಲ್ಲದ ಕರೆ ಎತ್ತದಿದ್ದರೆ ಕೆಲಸವಿದ್ದವನು ಹೇಳಿಹೋಗುತ್ತಾನೆ. 2023ರಿಂದ ಅಲ್ಲಿನ ಐಫೋನ್‌ಗಳಲ್ಲಿ ಅತ್ತಲಿನವರು ಮಾತಾಡುತ್ತಿರುವಾಗಲೇ ಅದು ಅಕ್ಷರವಾಗಿ ಪರದೆಯಲ್ಲಿ ಮೂಡುತ್ತದೆ, ಬೇಕೆನಿಸಿದರೆ ಎತ್ತಬಹುದು. (ನಮ್ಮ ಕುಷ್ಟಗಿ ಕಡೆಯ ಕನ್ನಡವನ್ನು ಅದು ಹೇಗೆ ಬರೆದೀತು ಎಂದು ನೆನೆಸಿ ನಗು ಬಂತು.) ಅಲ್ಲೂ ಜಾಹೀರಾತಿನವರು ಸುಮ್ಮನಿಲ್ಲ. ಫೋನ್ ರಿಂಗೇ ಆಗದಂತೆ ನೇರ ವಾಯ್ಸ್‌ಮೇಲ್ ಪೆಟ್ಟಿಗೆಗೇ ಧ್ವನಿ ತುರುಕುವ ಉಪಾಯ ಹುಡುಕಿದರು. ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ ಎಂದು ಅಲ್ಲಿನ ದೂರಸಂಪರ್ಕ ಆಯೋಗ 2022ರಲ್ಲಿ ಹೇಳಬೇಕಾಯಿತು.

ವಾಟ್ಸಾಪ್ ವಾಯ್ಸ್ ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೆ ನನ್ನ ಉತ್ತರ ಆ ಮುದುಕಿಯೇ. ವಾಯ್ಸ್ ಕಳಿಸಲು ಸ್ವಂತ ಫೋನು, ಡೇಟಾ, ನನ್ನ ನಂಬರು ಸೇವ್ ಮಾಡಿಕೊಳ್ಳುವ ತಿಳಿವಳಿಕೆ ಬೇಕು. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಿ ಎಂದು ಟ್ರಾಯ್ ಕಂಪನಿಗಳಿಗೆ 2024ರ ಡಿಸೆಂಬರಿನಲ್ಲೂ ಹೇಳಬೇಕಾಗಿ ಬಂತು ಎಂದರೆ, ಗುಂಡಿ ಒತ್ತುವ ಫೋನಿನವರು ಇನ್ನೂ ಇದ್ದಾರೆ ಎಂದೇ ಅರ್ಥ. ಇನ್ನೊಂದು ಮಾತು. ವಾಟ್ಸಾಪ್ ದನಿ ಒಂದು ಕೈಯಲ್ಲಿ ನಿಲ್ಲುವುದಿಲ್ಲ, ಫಾರ್ವರ್ಡ್ ಆಗುತ್ತದೆ. ನಾಲ್ಕನೇ ಗ್ರೂಪಿಗೆ ಬರುವ ಹೊತ್ತಿಗೆ ಯಾರದ್ದು, ಎಂದಿನದು, ಯಾವೂರದು ಒಂದೂ ಉಳಿದಿರುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವಕನ ಜೀವ ತೆಗೆದದ್ದು ನಮಗೆಲ್ಲ ನೆನಪಿದೆ. ವಾಯ್ಸ್‌ಮೇಲಿನಲ್ಲಿ ನಂಬರು, ತಾರೀಖು, ಗಂಟೆ ಇರುತ್ತದೆ. ಅದು ನನಗೊಬ್ಬನಿಗೆ ಹೇಳಿದ್ದು. ವಿಚಾರಿಸುವ ಹೊಣೆಯೂ ನನ್ನದೇ.

ಇದು ಬರೀ ಕನಸಲ್ಲ, ನಮ್ಮ ದೇಶದಲ್ಲೇ ಮಾಡಿ ತೋರಿಸಿದ್ದಾರೆ. ಛತ್ತೀಸಗಡದಲ್ಲಿ 2010ರಲ್ಲಿ ಶುರುವಾದ ಸಿಜಿನೆಟ್ ಸ್ವರದ ಬಗ್ಗೆ ನಮ್ಮ ಡಿಪ್ಲೊಮಾದಲ್ಲಿ ಯಾರೂ ಪಾಠ ಮಾಡಲಿಲ್ಲ, ಮಾಡಬೇಕಿತ್ತು. ಹಿಂದೆ ಬಿಬಿಸಿಯಲ್ಲಿದ್ದ ಶುಭ್ರಾಂಶು ಚೌಧರಿ ಕಟ್ಟಿದ್ದು. ತಾಂತ್ರಿಕ ಕೆಲಸದಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರ ಕೈಯೂ ಇತ್ತು. ಯಾವ ಫೋನಿನಿಂದಾದರೂ ಒಂದು ನಂಬರಿಗೆ ಹಚ್ಚಬೇಕು. ಒಂದು ಅಂಕಿ ಒತ್ತಿದರೆ ಹೇಳಬಹುದು, ಇನ್ನೊಂದು ಒತ್ತಿದರೆ ಬೇರೆಯವರು ಹೇಳಿದ್ದನ್ನು ಕೇಳಬಹುದು. ಗೊಂಡಿ ಭಾಷೆಯಲ್ಲೂ ಜನ ಹೇಳಿದರು: ಕೂಲಿ ಬಂದಿಲ್ಲ, ಬೋರಿನ ಕೈಪಂಪು ಕೆಟ್ಟಿದೆ, ಮಾಸ್ತರರು ಶಾಲೆಗೆ ಬರುತ್ತಿಲ್ಲ. ಸಂಪಾದಕರು ಪರಿಶೀಲಿಸಿದ ಮೇಲೆಯೇ ಅದು ಹೊರಗೆ. ಸಂಬಂಧಪಟ್ಟ ಅಧಿಕಾರಿಯ ನಂಬರನ್ನೂ ಹೇಳಿ, ಕೇಳುಗರೇ ಫೋನ್ ಮಾಡಿ ವಿಚಾರಿಸಿ ಎನ್ನುತ್ತಿದ್ದರು. ಅಕ್ಷರ ಬಾರದವರನ್ನು ವರದಿಗಾರರನ್ನಾಗಿ ಮಾಡಿದ ಯಂತ್ರ, ಬಿಚ್ಚಿ ನೋಡಿದರೆ, ಒಂದು ದೊಡ್ಡ ವಾಯ್ಸ್‌ಮೇಲ್ ಪೆಟ್ಟಿಗೆ.

ನಮ್ಮ ಪತ್ರಿಕೆಗಳ ಜಿಲ್ಲಾ ಕಚೇರಿಗಳು ಇಂಥದ್ದೊಂದು ನಂಬರು ಇಡಬಹುದು. ಮೂವತ್ತು ಸೆಕೆಂಡಿನ ಪೆಟ್ಟಿಗೆ ಸಾಕು. ಸ್ಪ್ಯಾಮಿನವರೂ ಬರುತ್ತಾರೆ, ಬರಲಿ. ಅಳಿಸುವುದಕ್ಕೆ ಎರಡು ಸೆಕೆಂಡು. ನಾನು ಇದನ್ನು ಮೇಲಿನವರಿಗೆ ಬರೆದು ಕಳಿಸಿದ್ದೆ. ‘ವಾಟ್ಸಾಪ್ ನಂಬರ್ ಇದೆಯಲ್ಲ’ ಎಂದು ಉತ್ತರ ಬಂತು, ವಾಟ್ಸಾಪಿನಲ್ಲೇ.

ಸದ್ಯಕ್ಕೆ ಕೋರ್ಟ್ ಎದುರಿನ ಚಹಾ ಹೋಟೆಲಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ನಾನು ಫೋನಿಗೆ ಸಿಗದಿದ್ದರೆ ಹೆಸರು, ಊರು, ವಿಷಯ ಹೇಳಿಹೋಗಬೇಕು. ಗಲ್ಲಾದ ಮೇಲೆ ಕೂರುವ ಕಾಕಾ ಬರೆದಿಡುತ್ತಾರೆ. ಹಳ್ಳಿಯಿಂದ ಬರುವವರಿಗೆಲ್ಲ ಹೇಳಿಕಳಿಸಿದ್ದೇನೆ. ಮೂರು ತಿಂಗಳಲ್ಲಿ ಹನ್ನೊಂದು ಪುಟ ತುಂಬಿದೆ. ಒಂದಿಷ್ಟು ದಾಯಾದಿ ಜಗಳ, ಒಂದಿಷ್ಟು ಕಾಕಾನ ಅಕ್ಷರ ಓದಲಾಗದ್ದು, ಐದು ಸುದ್ದಿ ಅಚ್ಚಾಗಿವೆ. ನಿನ್ನೆಯದು: ‘ಅಂಗನವಾಡಿ ಮ್ಯಾಲಿನ ತಗಡು ಹಾರೇತಿ, ಮಕ್ಕಳು ಗುಡಿಯಾಗ ಕುಂದರತಾವ, ಬಂದು ನೋಡ್ರಿ ಅಂದ್ಲು.’ ಊರಿನ ಹೆಸರು ಮಾತ್ರ ಅರ್ಧ ಚಹಾದ ಕಲೆಯಲ್ಲಿ ಮುಚ್ಚಿದೆ. ಬೆಳಿಗ್ಗೆ ಮೊದಲು ಕಾಕಾನನ್ನು ಕೇಳಬೇಕು.