ಅಲಿಬಾಗಿನ ಕಡಲಿಗೆ ಹೊರಟವರಿಗೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮಂಥ ಸಂಸಾರಿಗರ ಒಂದು ದಿನದ ವಿಹಾರಕ್ಕೆ ಅಲಿಬಾಗು ತಕ್ಕ ಊರು. ಪನವೇಲ, ಪೇಣ, ವಡಖಳ ಹಾದು ಎಸ್.ಟಿ. ಬಸ್ಸಿನಲ್ಲಿ ಹೋಗಬಹುದು.

ಕಡಲೊಳಗಿನ ಕುಲಾಬಾ ಕೋಟೆಯೇ ಅಲ್ಲಿಯ ಮುಖ್ಯ ನೋಟ. ಶಿವಾಜಿ ಮಹಾರಾಜರು ತೊಡಗಿದ ಕೆಲಸವನ್ನು ಸಂಭಾಜಿ ಮುಗಿಸಿದರು. ಮುಂದೆ ಅದು ಕಾನ್ಹೋಜಿ ಆಂಗ್ರೆಯವರ ನೌಕಾಬಲದ ನೆಲೆಯಾಯಿತು. ಒಳಗೆ ಗಣಪತಿಯ ಗುಡಿಯುಂಟು. ಸುತ್ತಲೂ ಉಪ್ಪುನೀರಾದರೂ ಸಿಹಿನೀರಿನ ಬಾವಿಯುಂಟು.

ಇಳಿತದ ವೇಳೆಯಲ್ಲಿ ಕೋಟೆಗೆ ನಡೆದೇ ಹೋಗಬಹುದು. ಅಪಾಯವಿರುವುದೂ ಅಲ್ಲಿಯೇ. ಇಳಿತದಿಂದ ಭರತಕ್ಕೆ ಸುಮಾರು 6 ತಾಸು. ಈ ವೇಳೆ ದಿನದಿನಕ್ಕೆ ಮುಕ್ಕಾಲು ತಾಸಿಗೂ ಮಿಕ್ಕಿ ಮುಂದೆ ಸರಿಯುತ್ತದೆ. ಹೋದ ವಾರದ ಲೆಕ್ಕ ಈ ವಾರಕ್ಕೆ ಸಲ್ಲದು. ಪಂಚಾಂಗ ನೋಡುವ ಮನೆಗಳಿಗೆ ಒಂದು ಗುರುತು: ಹುಣ್ಣಿಮೆ, ಅಮಾವಾಸ್ಯೆಗಳಂದು ಈ ಕರಾವಳಿಯಲ್ಲಿ ನಡುಹಗಲಿನ ಸುಮಾರಿಗೆ ಭರತ. ಆದರೂ ತೀರದ ಬೆಸ್ತರನ್ನು ಕೇಳಿಯೇ ಹೆಜ್ಜೆಯಿಡೋಣ.

ನೀರು ತಿರುಗುವ ಮೊದಲೇ ಮಕ್ಕಳ ಕೈಹಿಡಿದು ಮರಳಬೇಕು. ತಡವಾಯಿತೋ, ಮೊಣಕಾಲುದ್ದದ ನೀರೇ ತಾನೆ ಎಂದು ಇಳಿಯದೆ, ಕೋಟೆಯಲ್ಲಿಯೇ ಕುಳಿತು ಮುಂದಿನ ಇಳಿತವನ್ನು ಕಾಯುವುದು ಲೇಸು. ಅದಕ್ಕಾಗಿಯೇ ಬುತ್ತಿ ಒಂದು ಹಿಡಿ ಹೆಚ್ಚಿರಲಿ. ಮಳೆಗಾಲದಲ್ಲಂತೂ ಕಡಲಿಗೆ ಇಳಿಯುವ ಮಾತೇ ಬೇಡ.

ಬೇಸಗೆಯಲ್ಲಿ ಹೋದವರು ಅಲ್ಲಿ ಜಡೆ ಹೆಣೆದು ಮಾರುವ ಬಿಳಿ ಈರುಳ್ಳಿಯನ್ನು ತರಲು ಮರೆಯಬಾರದು.