ಮರಳು ಹೊಡೆದ ಗಾಡಿ, ಮೀನು ಹೊಡೆದ ಗಾಡಿ

ಶಿವಮೊಗ್ಗದಲ್ಲಿ ಹಳೇ ಪಿಕಪ್ ಕೊಳ್ಳಲು ಬಂದವರು ಒಂದು ಕಾಲಕ್ಕೆ ಮೊದಲು ಕೇಳುತ್ತಿದ್ದದ್ದು ಮಾಡೆಲ್ ಯಾವುದು ಅಂತಲ್ಲ, ಎಷ್ಟು ಓಡಿದೆ ಅಂತಲೂ ಅಲ್ಲ. “ಈ ಗಾಡಿ ಏನ್ ಹೊಡೀತಿತ್ತು?” ಎಂದು ಕೇಳುತ್ತಿದ್ದರು. ಅಡಿಕೆಯೋ, ಮರಳೋ, ಮೀನೋ? ಉತ್ತರ ಬಂದ ಮೇಲೆಯೇ ರೇಟಿನ ಮಾತು.

ನಾನು ಸಾಗರ ರಸ್ತೆ ಕಡೆಯ ಗ್ಯಾರೇಜೊಂದಕ್ಕೆ ಕೆಲಸ ಕಲಿಯಲು ಸೇರಿದಾಗ ಟಾಟಾ 407, 207, ಮಟಡೋರ್‌ಗಳ ಕಾಲ. 2005ರಲ್ಲಿ ಎರಡು ಸಿಲಿಂಡರಿನ ಟಾಟಾ ಏಸ್ ಬಂತು. ಸಣ್ಣ ವ್ಯಾಪಾರಿಗಳೂ ಗಾಡಿ ಕಟ್ಟಿಸಿದರು. ಕೆಲವೇ ವರ್ಷಗಳಲ್ಲಿ ಅವೇ ಗಾಡಿಗಳು ಸೆಕೆಂಡ್ ಹ್ಯಾಂಡ್ ಆಗಿ ನಮ್ಮೆದುರು ನಿಂತವು. ಬೊಲೆರೊ ಪಿಕಪ್‌ಗಂತೂ ಮಲೆನಾಡಿನಲ್ಲಿ ಇಂದಿಗೂ ಗಿರಾಕಿ ತಪ್ಪಿಲ್ಲ.

ನಮ್ಮ ಮೇಸ್ತ್ರಿ ಎಂಜಿನ್ ಕಡೆ ತಿರುಗಿಯೂ ನೋಡದೆ, ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಹೋಗುತ್ತಿದ್ದರು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸಣ್ಣ ಸುತ್ತಿಗೆ. ಚಾಸಿಯ ಉದ್ದಕ್ಕೂ ತಟ್ಟುತ್ತಾ ಬಂದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತಿತ್ತು, ತುಕ್ಕು ತಿಂದ ಜಾಗ ದಬ್ ಎನ್ನುತ್ತಿತ್ತು. ಹಿಂದಿನ ಸ್ಪ್ರಿಂಗ್ ಪ್ಲೇಟು ಕೂರುವ ಬ್ರಾಕೆಟ್ಟಿನ ಮೇಲ್ಭಾಗವನ್ನು ಸ್ಕ್ರೂಡ್ರೈವರಿನಿಂದ ಕೆರೆದು ನೋಡುತ್ತಿದ್ದರು. ಇಡೀ ಚಾಸಿ ಮಣ್ಣು ಮೆತ್ತಿಕೊಂಡಿದ್ದು ಅಲ್ಲಿ ಮಾತ್ರ ಹೊಸ ಕರಿ ಬಣ್ಣ ಹೊಳೆಯುತ್ತಿದ್ದರೆ, ಒಳಗೆ ವೆಲ್ಡಿಂಗ್ ಅಡಗಿದೆ ಎಂದೇ ಲೆಕ್ಕ.

ಮೀನು ಹೊಡೆದ ಗಾಡಿಗೆ ಈ ಪರೀಕ್ಷೆ ತಪ್ಪಿಸುವಂತಿರಲಿಲ್ಲ. ಕರಾವಳಿಯಿಂದ ಘಾಟಿ ಹತ್ತಿ ಬರುವಾಗ ಐಸು ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಚಾಸಿಯ ಮೇಲೆ ಸೋರುತ್ತದೆ. ಅದರ ಮೇಲೆ ಮಲೆನಾಡಿನ ಮಳೆ. ಹೊರಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದರೆ ಗಾಡಿ ಮದುವಣಗಿತ್ತಿಯಂತೆ ಕಾಣುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಕೆಳ ಅಂಚಿಗೆ ಇಟ್ಟು ನೋಡಿ. ಪುಟ್ಟಿ ಮೆತ್ತಿದ ಕಡೆ ಅದು ಕಚ್ಚುವುದಿಲ್ಲ.

ಮರಳು ಹೊಡೆದ ಗಾಡಿಯ ರೋಗ ಬೇರೆ. ಓವರ್‌ಲೋಡಿಗಾಗಿ ಹಿಂದೆ ಹೆಚ್ಚುವರಿ ಪ್ಲೇಟು ಹಾಕಿಸಿರುತ್ತಾರೆ. ಮಾರುವಾಗ ಅದನ್ನು ಬಿಚ್ಚಿದರೂ ಗುರುತು ಉಳಿದಿರುತ್ತದೆ. ಪಕ್ಕಕ್ಕೆ ನಿಂತು ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದಿ ನೋಡಬೇಕು. ಮೇಲೆ ಒಂದಳತೆ, ಕೆಳಗೆ ಇನ್ನೊಂದಳತೆ ಇದ್ದರೆ ಚಾಸಿ ಬಗ್ಗಿದೆಯೇ ಎಂದು ಅನುಮಾನಿಸಬೇಕು. ಅಡಿಕೆ ತೋಟದವರ ಗಾಡಿ ಕೊಯ್ಲಿನ ತಿಂಗಳುಗಳಲ್ಲಿ ದುಡಿದು ಉಳಿದ ದಿನ ಶೆಡ್ಡಿನಲ್ಲಿ ನಿಲ್ಲುತ್ತಿತ್ತು, ಹಾಗಾಗಿ ಅದಕ್ಕೆ ಒಳ್ಳೆಯ ಬೆಲೆ. ಆದರೂ ಗೊಬ್ಬರ ಹೊತ್ತಿದ್ದರೆ ತೊಟ್ಟಿಯ ತಳ ನೋಡದೆ ಬಿಡಬಾರದು.

ಭದ್ರಾವತಿಯವರ ಕಣ್ಣು ಇನ್ನೂ ಚುರುಕು. 1923ರಿಂದ ಕಬ್ಬಿಣ ಕರಗಿಸಿದ ಊರದು. ಅಲ್ಲಿ ಲೇತು, ವೆಲ್ಡಿಂಗ್ ಬಲ್ಲ ಹಿರಿಯರು ಬೆಸುಗೆಯ ಗೆರೆ ನೋಡಿಯೇ ಇದು ಕಂಪನಿಯದ್ದೋ ರಸ್ತೆ ಬದಿಯದ್ದೋ ಹೇಳಿಬಿಡುತ್ತಿದ್ದರು. 2015ರಲ್ಲಿ ಎಂಪಿಎಂ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. ಆಮೇಲೆ ಬಾಡಿಗೆ ಇಲ್ಲದೆ ನಿಂತ ಗಾಡಿಗಳೂ ನಮ್ಮಲ್ಲಿಗೆ ಬಂದವು. ಕಡಿಮೆ ಓಡಿದೆ ಎಂದು ಜನ ಮುಗಿಬೀಳುತ್ತಿದ್ದರು. ನಿಂತ ಗಾಡಿಯಲ್ಲಿ ಬ್ರೇಕ್ ಸಿಲಿಂಡರ್ ಜಾಮ್ ಆಗಿರುತ್ತದೆ, ಡೀಸೆಲ್ ಟ್ಯಾಂಕಿನಲ್ಲಿ ತುಕ್ಕು ಇಳಿದಿರುತ್ತದೆ. ಟೈರಿನ ಬಟನ್ ಚೆನ್ನಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದು ಸುಳ್ಳು ಹೇಳುವುದಿಲ್ಲ.

ಎಂಜಿನ್ ಪರೀಕ್ಷೆಯಲ್ಲಿ ಹಳೆಯ ಪದ್ಧತಿ ಈಗಲೂ ನಡೆಯುತ್ತದೆ. ಆಯಿಲ್ ಕ್ಯಾಪ್ ತೆಗೆದಾಗ ಹೊಗೆ ಬುಸುಬುಸು ಬಂದರೆ ಬ್ಯಾಕ್ ಕಂಪ್ರೆಷನ್. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆದರೆ ಕಾಮನ್ ರೈಲ್ ಎಂಜಿನ್ ಬಂದ ಮೇಲೆ ಕಿವಿಯಷ್ಟೇ ಸಾಲದು, ಸ್ಕ್ಯಾನರ್ ಹಾಕಿಸಲೇಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಿಗೆ ಸ್ಕ್ಯಾನರ್ ಇಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ನಿಜಕ್ಕೂ ಸುಧಾರಿಸಿರುವುದು ಕಾಗದಪತ್ರದ ವಿಷಯ. ಮೊದಲು ದಲ್ಲಾಳಿ ತೋರಿಸಿದ ಆರ್‌ಸಿ ಪುಸ್ತಕವೇ ವೇದವಾಕ್ಯ. ಫೈನಾನ್ಸ್ ಸಾಲ ಬಾಕಿಯಿದೆ ಎಂಬುದು ಗಾಡಿ ಎಳೆದೊಯ್ಯಲು ಬಂದಾಗಲೇ ಎಷ್ಟೋ ಬಡವರಿಗೆ ಗೊತ್ತಾಗಿದ್ದನ್ನು ಕಂಡಿದ್ದೇನೆ. ಇಂದು ಕೆಎ 14ರ ನಂಬರನ್ನು ಪರಿವಾಹನ್ ಆ್ಯಪಿಗೆ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ಅವಧಿ ಕಾಣುತ್ತದೆ, ಸಾಲದ ನಮೂದೂ ಸಿಗುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿವರ್ಷ ಎಫ್‌ಸಿ ಆಗಬೇಕು. 15 ದಾಟಿದವುಗಳ ಶುಲ್ಕ 2022ರ ಏಪ್ರಿಲ್‌ನಿಂದ ವಿಪರೀತ ಏರಿದೆ. ಅಗ್ಗಕ್ಕೆ ಸಿಕ್ಕಿತೆನ್ನುವ ಮುಂಚೆ ಈ ಲೆಕ್ಕ ಹಾಕಿ.

ಆದರೆ ಗಾಡಿ ಏನು ಹೊತ್ತಿತ್ತು ಎಂಬುದು ಯಾವ ಆ್ಯಪಿನಲ್ಲೂ ಇಲ್ಲ. ಈಗಿನ ಹುಡುಗರು ಮೊಬೈಲಿನಲ್ಲಿ ಫೋಟೋ ನೋಡಿ ಟೋಕನ್ ಹಣ ಕಳಿಸಿಬಿಡುತ್ತಾರೆ. ಗಾಡಿಯ ಅಡಿಗೆ ಇಳಿಯುವವರೇ ಕಡಿಮೆ. ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ. ಎಂಜಿನ್ ಕೆಟ್ಟರೆ ಕೆಲಸ ಮಾಡಿಸಿ ಓಡಿಸಬಹುದು. ಚಾಸಿಗೆ ತುಕ್ಕು ಹಿಡಿದರೆ ಅದರ ಮೇಲೆ ಸುರಿದ ದುಡ್ಡು ಹೊಳೆಗೆ ಹಾಕಿದ ಹಾಗೆ.

ಗಾಡಿ ನೋಡಲು ಹೋಗುವ ಹಿಂದಿನ ಸಂಜೆಯೇ ಮಾರುವವರಿಗೆ ಫೋನ್ ಮಾಡಿ, “ಅಣ್ಣ, ವಾಟರ್ ಸರ್ವೀಸ್ ಮಾಡಿಸ್ಬೇಡಿ, ನಾವು ಬರೋ ತನಕ ಸ್ಟಾರ್ಟೂ ಮಾಡ್ಬೇಡಿ” ಎಂದು ಹೇಳಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ನಂಬಿಕೆಯ ಮೇಸ್ತ್ರಿಯೊಬ್ಬರಿಗೆ ಕೂಲಿ ಕೊಟ್ಟು ಕರೆದುಕೊಂಡು ಹೋಗಿ.