ಹೋದದ್ದೇನು, ಬಂದದ್ದೇನು

ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿ ನಿಮಗೆ ತುಂಬ ಇಷ್ಟವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಕೆಟ್ಟು ನಿಂತ ಫೈಲ್ ಅಪ್‌ಲೋಡನ್ನು ಸರಿಮಾಡುವುದು ಎನ್ನುತ್ತೇನೆ. ಕೇಳಿದವರು ಸುಲಭಕ್ಕೆ ನಂಬುವುದಿಲ್ಲ. ಪುಟದ ವಿನ್ಯಾಸದಲ್ಲಿ, ಅಕ್ಷರಗಳ ಅಳತೆಯಲ್ಲಿ, ಗುಂಡಿ ಒತ್ತಿದಾಗ ಹಗುರಾಗಿ ತೆರೆದುಕೊಳ್ಳುವ ಪರದೆಯಲ್ಲಿ ಸುಖವಿಲ್ಲವೆಂದಲ್ಲ. ಆದರೆ ಒಂದು ಫೋಟೋ ಯಾರದೋ ಫೋನಿನಿಂದ ಹೊರಟು, ಬ್ರೌಸರ್ ದಾಟಿ, ಮುಂಬಾಗಿಲ ಸರ್ವರ್ ದಾಟಿ, ಹಿಂದಿರುವ ಪ್ರೋಗ್ರಾಮಿನ ಕೈಸೇರಿ, ಕೊನೆಗೆ ಡಿಸ್ಕಿನ ಮೇಲೆ ಬಂದು ಕೂರುವ ದಾರಿಯಿದೆಯಲ್ಲ, ಆ ದಾರಿಯಲ್ಲಿ ಎಲ್ಲಿ ಎಡವಿತೆಂದು ಜಾಡು ಹಿಡಿದು ಹೋಗುವ ಕೆಲಸದ ರುಚಿಯೇ ಬೇರೆ.

ಅದಕ್ಕೆ ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಬ್ರೌಸರಿನಲ್ಲಿ ಎಫ್12 ಒತ್ತಿದರೆ ತೆರೆಯುವ ನೆಟ್‌ವರ್ಕ್ ಟ್ಯಾಬ್, ಸರ್ವರಿನ ಲಾಗ್, ಮತ್ತು ನೆಟ್‌ಕ್ಯಾಟ್ ಎಂಬ ಒಂದು ಹಳೆಯ ಪುಟ್ಟ ಕಮಾಂಡು. ನೆಟ್‌ಕ್ಯಾಟಿಗೆ ಒಂದು ಪೋರ್ಟ್ ಕೊಟ್ಟು ಕಿವಿತೆರೆದು ಕೂರಿಸಿ, ಫಾರ್ಮನ್ನು ಆ ಪೋರ್ಟಿಗೇ ಸಲ್ಲಿಸಿದರೆ ಬ್ರೌಸರ್ ಕಳಿಸಿದ್ದು ಅಷ್ಟೂ ಕಣ್ಣೆದುರಿಗೆ ಸುರಿಯುತ್ತದೆ. ನಡುವೆ ಯಾವ ಫ್ರೇಮ್‌ವರ್ಕೂ ಇಲ್ಲ, ಯಾರ ವ್ಯಾಖ್ಯಾನವೂ ಇಲ್ಲ. ವೆಬ್ ಕಲಿಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಇದನ್ನು ನೋಡಬೇಕು ಎಂಬುದು ನನ್ನ ಆಸೆ.

ನೋಡಿದರೆ ಏನು ಕಾಣುತ್ತದೆ? ಮೇಲೆ ಹೆಡರುಗಳು. ಅವುಗಳಲ್ಲಿ ಒಂದು, ಕಂಟೆಂಟ್-ಟೈಪ್: ಮಲ್ಟಿಪಾರ್ಟ್/ಫಾರ್ಮ್-ಡೇಟಾ, ಅದರ ಬೆನ್ನಿಗೇ ಬೌಂಡರಿ ಎಂದು ಒಂದು ವಿಚಿತ್ರ ಪದ. ಕ್ರೋಮ್ ಆದರೆ ನಾಲ್ಕು ಅಡ್ಡಗೆರೆ, ವೆಬ್‌ಕಿಟ್‌ಫಾರ್ಮ್‌ಬೌಂಡರಿ ಎಂಬ ಹೆಸರು, ಕೊನೆಗೆ ಮನಬಂದಂತೆ ಆರಿಸಿದ ಹದಿನಾರು ಅಕ್ಷರ. ಕೆಳಗೆ ಅದೇ ಪದ ಮತ್ತೆ ಮತ್ತೆ ಬರುತ್ತದೆ. ಒಂದು ಬೌಂಡರಿ, ಅದರ ಕೆಳಗೆ ಅರ್ಜಿದಾರರ ಹೆಸರು. ಇನ್ನೊಂದು ಬೌಂಡರಿ, ಅದರ ಕೆಳಗೆ ಫೈಲಿನ ಹೆಸರು, ಒಂದು ಖಾಲಿ ಸಾಲು, ಆಮೇಲೆ ಫೈಲಿನ ಬೈಟುಗಳು. ಆ ಬೈಟುಗಳ ರಾಶಿಯ ಆರಂಭದಲ್ಲೂ ಓದಬಹುದಾದ್ದು ಸಿಗುತ್ತದೆ. ಪಿಡಿಎಫ್ ಆದರೆ ಶೇಕಡಾ ಚಿಹ್ನೆಯ ಜೊತೆ ಪಿಡಿಎಫ್ ಎಂದೇ ಬರೆದಿರುತ್ತದೆ. ಜಿಪ್ ಆದರೆ ಪಿಕೆ ಎಂಬ ಎರಡಕ್ಷರ, ಆ ವಿನ್ಯಾಸ ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವರ್ಡ್‌ನ ಡಾಕ್ಸ್ ಫೈಲೂ ಒಳಗೊಳಗೆ ಜಿಪ್ಪೇ ಆದ್ದರಿಂದ ಅದರ ಹಣೆಯ ಮೇಲೂ ಪಿಕೆ. ಐಫೋನಿನ ಫೋಟೋದಲ್ಲಿ ಒಮ್ಮೊಮ್ಮೆ ಹೆಚ್‌ಇಐಸಿ ಎಂಬ ಗುರುತು ಕಾಣುತ್ತದೆ. ಇದು ಬರಿಯ ಕುತೂಹಲದ ಮಾತಲ್ಲ. ಇಂಥ ಬಗೆಯ ಫೈಲು ಎಂದು ಬ್ರೌಸರ್ ಹೇಳುವುದು ಸಾಮಾನ್ಯವಾಗಿ ಹೆಸರಿನ ಬಾಲವನ್ನು ನೋಡಿ. ಬಾಲ ಬದಲಿಸುವುದು ಯಾರಿಗೂ ಕಷ್ಟವಲ್ಲ. ಸರ್ವರಿನಲ್ಲಿ ನಾನು ನೆಚ್ಚುವುದು ಮೊದಲ ಕೆಲವು ಬೈಟುಗಳನ್ನೇ.

ಬೌಂಡರಿ ಇಟ್ಟು ಕಳಿಸುವ ಈ ಮಲ್ಟಿಪಾರ್ಟ್ ಏರ್ಪಾಟು 1995ರ ನವೆಂಬರಿನದು. ಝೆರಾಕ್ಸ್ ಕಂಪನಿಯ ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮಸಿಂಟರ್ ಆರ್‌ಎಫ್‌ಸಿ 1867 ಎಂಬ ಕಡತದಲ್ಲಿ ಇದನ್ನು ಬರೆದಿಟ್ಟರು. ಇಪ್ಪತ್ತು ವರ್ಷದ ಮೇಲೆ, 2015ರಲ್ಲಿ, ಅದನ್ನು ಒಪ್ಪಮಾಡಿ ಆರ್‌ಎಫ್‌ಸಿ 7578 ಎಂದು ಹೊರತಂದವರೂ ಅದೇ ಮಸಿಂಟರ್. ತಾನು ಮಾಡಿದ ಕೆಲಸವನ್ನು ಅಷ್ಟು ಕಾಲದ ನಂತರ ಮತ್ತೆ ಕೈಗೆತ್ತಿಕೊಂಡು ತಿದ್ದಿದರಲ್ಲ ಎಂದು ನನಗೆ ಅವರ ಮೇಲೆ ಗೌರವ.

ಅಪ್‌ಲೋಡಿನ ಅತಿ ಸಾಮಾನ್ಯ ತೊಂದರೆ ಆ ಬೌಂಡರಿಯಲ್ಲೇ ಇದೆ. ಮಲ್ಟಿಪಾರ್ಟ್ ಎಂದು ಹೇಳಬೇಕಲ್ಲ ಎಂದುಕೊಂಡು ಡೆವಲಪರ್ ತನ್ನ ಕೋಡಿನಲ್ಲಿ ಕಂಟೆಂಟ್-ಟೈಪ್ ಹೆಡರನ್ನು ಕೈಯಾರೆ ಬರೆಯುತ್ತಾನೆ. ಬರೆದದ್ದು ಸರಿಯಾಗಿಯೇ ಇದೆ, ಆದರೆ ಬೌಂಡರಿ ಯಾವುದೆಂದು ಅವನಿಗೆ ಗೊತ್ತಿಲ್ಲ. ಬ್ರೌಸರಿಗೆ ಮಾತ್ರ ಗೊತ್ತು. ಡೆವಲಪರ್ ಬರೆದ ಮೇಲೆ ಬ್ರೌಸರ್ ಅದನ್ನು ಮುಟ್ಟುವುದಿಲ್ಲ. ಸರ್ವರಿಗೆ ದೊಡ್ಡದೊಂದು ಮೂಟೆ ಬರುತ್ತದೆ, ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದಿಲ್ಲ. ಮದ್ದು, ಆ ಸಾಲನ್ನು ಅಳಿಸುವುದು. ಫಾರ್ಮ್‌ಡೇಟಾ ಕೊಟ್ಟು ಸುಮ್ಮನಿದ್ದರೆ ಬ್ರೌಸರ್ ತಾನೇ ಬೌಂಡರಿ ಸಮೇತ ಬರೆಯುತ್ತದೆ. ಒಂದು ಸಾಲು ತೆಗೆದು ಕೆಲಸ ಗೆಲ್ಲಿಸುವ ಸಂತೋಷ, ನೂರು ಸಾಲು ಬರೆದು ಗೆಲ್ಲಿಸುವುದಕ್ಕಿಂತ ಹೆಚ್ಚಿನದು.

ಇನ್ನು ಕಾರ್ಸ್. ಕ್ರಾಸ್ ಒರಿಜಿನ್ ರಿಸೋರ್ಸ್ ಶೇರಿಂಗ್ ಎಂಬ ಉದ್ದ ಹೆಸರನ್ನು ಎಲ್ಲರೂ ಹೀಗೆ ಮೊಟಕು ಮಾಡಿ ಕರೆಯುತ್ತಾರೆ, ಕರೆಯುವಾಗ ಮುಖ ಸಿಂಡರಿಸುತ್ತಾರೆ. ನನಗೆ ಅದರ ಮೇಲೆ ಪ್ರೀತಿ. ಕಾರಣ ಹೇಳುತ್ತೇನೆ.

ಒಂದು ಪುಟ ಎಲ್ಲಿಂದ ಬಂತು ಎನ್ನುವುದನ್ನು ಬ್ರೌಸರ್ ಮೂರು ವಿಷಯದಿಂದ ಗುರುತಿಸುತ್ತದೆ: ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬ ರೀತಿ, ಹೋಸ್ಟಿನ ಹೆಸರು, ಪೋರ್ಟ್ ಸಂಖ್ಯೆ. ಮೂರೂ ಒಂದೇ ಆದರೆ ಒಂದೇ ಒರಿಜಿನ್. ಲೋಕಲ್‌ಹೋಸ್ಟ್ 3000 ಮತ್ತು ಲೋಕಲ್‌ಹೋಸ್ಟ್ 8000 ಬೇರೆ ಬೇರೆ. ಲೋಕಲ್‌ಹೋಸ್ಟ್ ಮತ್ತು 127.0.0.1 ಕೂಡ ಬೇರೆಯೇ, ಎರಡೂ ಅದೇ ಮೇಜಿನ ಮೇಲಿನ ಅದೇ ಯಂತ್ರವಾದರೂ. ಒಂದು ಒರಿಜಿನ್ನಿನ ಸ್ಕ್ರಿಪ್ಟು ಇನ್ನೊಂದರ ಉತ್ತರವನ್ನು ಓದಬಾರದು ಎಂಬ ನಿಯಮ ನೆಟ್‌ಸ್ಕೇಪ್ 2ರ ಕಾಲದಿಂದ, ಎಂದರೆ ಬ್ರೌಸರಿಗೆ ಜಾವಾಸ್ಕ್ರಿಪ್ಟ್ ಬಂದ ದಿನಗಳಿಂದಲೇ ಇದೆ. ಒಂದು ಟ್ಯಾಬಿನಲ್ಲಿ ಬ್ಯಾಂಕಿನ ಖಾತೆ ತೆರೆದಿಟ್ಟು ಇನ್ನೊಂದರಲ್ಲಿ ಸಿನಿಮಾ ಸುದ್ದಿ ಓದುವವರ ಖಾತೆಯ ವಿವರವನ್ನು ಆ ಸುದ್ದಿಯ ಪುಟ ಓದಿಕೊಳ್ಳದಂತೆ ಕಾಯುತ್ತಿರುವುದು ಈ ನಿಯಮ. ಕಾರ್ಸ್ ಬಂದದ್ದು ತಡೆಯಲು ಅಲ್ಲ, ಆ ತಡೆಯಲ್ಲಿ ಒಪ್ಪಿಗೆಯ ಕಿಂಡಿ ಕೊರೆಯಲು. ಇಂಥ ಒರಿಜಿನ್ನಿನವರು ನನ್ನ ಉತ್ತರ ಓದಬಹುದು ಎಂದು ಸರ್ವರ್ ತಾನೇ ಆಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್ ಹೆಡರಿನಲ್ಲಿ ಹೇಳುತ್ತದೆ. ಈ ಯೋಚನೆ ಮೊದಲು ಮೂಡಿದ್ದು ವೆಬ್ ಪುಟಗಳಿಗಾಗಿಯೂ ಅಲ್ಲ. 2004ರಲ್ಲಿ ಟೆಲ್‌ಮಿ ನೆಟ್‌ವರ್ಕ್ಸ್ ಎಂಬ ಕಂಪನಿಯವರು ದೂರವಾಣಿಯಲ್ಲಿ ಮಾತಾಡುವ ವಾಯ್ಸ್‌ಎಕ್ಸ್‌ಎಂಎಲ್ ವ್ಯವಸ್ಥೆಗಾಗಿ ಇದನ್ನು ಸೂಚಿಸಿದರು. ವೆಬ್ಬಿನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದಕ್ಕೆ ಪೂರ್ಣ ಮುದ್ರೆ ಒತ್ತಿದ್ದು 2014ರ ಜನವರಿಯಲ್ಲಿ.

ಕಾವಲು ನಿಂತಿರುವುದು ಬ್ರೌಸರಿನಲ್ಲಿ, ಸರ್ವರಿನಲ್ಲಲ್ಲ ಎಂಬುದು ಮನಸ್ಸಿಗೆ ಇಳಿದರೆ ಅರ್ಧ ಗೊಂದಲ ಕಳೆದಂತೆ. ಕರ್ಲ್‌ನಲ್ಲಿ ಬರುತ್ತದೆ, ಪೋಸ್ಟ್‌ಮ್ಯಾನಿನಲ್ಲಿ ಬರುತ್ತದೆ, ಬ್ರೌಸರಿನಲ್ಲಿ ಮಾತ್ರ ಬರುವುದಿಲ್ಲ ಎಂದು ಹುಡುಗರು ಹೇಳುವುದು ಇದಕ್ಕೇ. ಮಲ್ಟಿಪಾರ್ಟ್ ಅಪ್‌ಲೋಡಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಬೇರೆ ಒರಿಜಿನ್ನಿಗೆ ಜೇಸನ್ ಕಳಿಸುವ ಮುನ್ನ ಬ್ರೌಸರ್ ಆಪ್ಶನ್ಸ್ ಎಂಬ ಒಂದು ಪ್ರಶ್ನೆಯನ್ನು ಮುಂದಾಗಿ ಕಳಿಸಿ ಒಪ್ಪಿಗೆ ಕೇಳುತ್ತದೆ. ಅದು ಪ್ರೀಫ್ಲೈಟ್. ಮಲ್ಟಿಪಾರ್ಟಿಗೆ ಅದನ್ನು ಕೇಳುವುದಿಲ್ಲ, ಏಕೆಂದರೆ ಹಳೆಯ ಕಾಲದ ಸಾದಾ ಫಾರ್ಮು ಯಾರ ಒಪ್ಪಿಗೆಯೂ ಇಲ್ಲದೆ ಎಲ್ಲಿಗೆ ಬೇಕಾದರೂ ಅದನ್ನು ಕಳಿಸಬಲ್ಲದಾಗಿತ್ತು. ಹಾಗಾಗಿ ಕನ್ಸೋಲಿನಲ್ಲಿ ತಡೆಯಲಾಗಿದೆ ಎಂದು ಕೆಂಪಕ್ಷರ ಮೂಡಿದರೂ ಫೈಲು ಅಷ್ಟರಲ್ಲಿ ಸರ್ವರ್ ತಲುಪಿ ಡಿಸ್ಕಿನ ಮೇಲೆ ಕೂತಾಗಿರುತ್ತದೆ. ತಡೆದದ್ದು ಉತ್ತರವನ್ನು ಮಾತ್ರ. ಆಗಲಿಲ್ಲವೆಂದು ಬಳಕೆದಾರರು ಮತ್ತೆ ಮತ್ತೆ ಒತ್ತಿದಷ್ಟೂ ಪ್ರತಿಗಳು. ಇನ್ನೂ ಸೊಗಸಾದದ್ದು, ಎಷ್ಟು ಶೇಕಡಾ ಹೋಯಿತೆಂದು ತೋರಿಸುವ ಪಟ್ಟಿಗಾಗಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟಿನ ಅಪ್‌ಲೋಡಿಗೆ ಒಂದು ಲಿಸನರ್ ಕಟ್ಟಿದರೆ ಸಾಕು, ಪ್ರೀಫ್ಲೈಟ್ ಶುರುವಾಗುತ್ತದೆ. ನಿನ್ನೆಯವರೆಗೆ ನಡೆಯುತ್ತಿದ್ದದ್ದು ಇವತ್ತು ನಿಂತಿತು, ಬರೀ ಪ್ರೋಗ್ರೆಸ್ ಬಾರ್ ಹಾಕಿದ್ದಷ್ಟೇ ಎಂದು ಯಾರಾದರೂ ಹೇಳಿದರೆ ನಾನು ಪೂರ್ತಿ ನಂಬುತ್ತೇನೆ.

ಅಪ್‌ಲೋಡಿನ ತೊಂದರೆಯೂ ಕಾರ್ಸ್ ತೊಂದರೆಯೂ ಒಂದರೊಳಗೊಂದು ಹೆಣೆದುಕೊಂಡಾಗ ಸಿಗುವ ಪ್ರಕರಣವೇ ನನಗೆ ಎಲ್ಲಕ್ಕಿಂತ ಮೆಚ್ಚು. ಪ್ರವೇಶಾತಿ ಅರ್ಜಿ ತುಂಬುವ ಒಂದು ತಾಣದಲ್ಲಿ ಹಾಗಾಗಿತ್ತು. ಕೆಲವು ವಿದ್ಯಾರ್ಥಿಗಳ ಅಂಕಪಟ್ಟಿ ಹೋಗುತ್ತಿತ್ತು, ಕೆಲವರದು ಹೋಗುತ್ತಿರಲಿಲ್ಲ. ಹೋಗದವರ ಬ್ರೌಸರಿನಲ್ಲಿ ಕಾರ್ಸ್ ದೋಷ. ತಂಡದವರು ಕಾರ್ಸ್ ಹೆಡರುಗಳನ್ನು ಹೀಗೆ ಬರೆದು ನೋಡಿದರು, ಹಾಗೆ ಬರೆದು ನೋಡಿದರು. ಮುಂಬಾಗಿಲ ಸರ್ವರಾದ ಎಂಜಿನ್‌ಎಕ್ಸಿನಲ್ಲೂ ಬರೆದು ಅಪ್ಲಿಕೇಶನ್ನಿನಲ್ಲೂ ಬರೆದು, ಒಂದೇ ಹೆಡರು ಎರಡು ಸಲ ಹೋಗಿ, ಎರಡು ಬೆಲೆ ಇದೆಯೆಂದು ಬ್ರೌಸರ್ ಅದನ್ನೂ ತಿರಸ್ಕರಿಸಿತು. ಕಾರ್ಸ್ ತಪ್ಪಿದ್ದರೆ ಎಲ್ಲರಿಗೂ ತಪ್ಪಬೇಕಿತ್ತಲ್ಲ, ಕೆಲವರಿಗೆ ಮಾತ್ರ ಏಕೆ? ಈ ಪ್ರಶ್ನೆ ಎದುರಿಗಿಟ್ಟುಕೊಂಡು ಕನ್ಸೋಲ್ ಓದಿದರೆ ಉತ್ತರ ದೂರವಿರಲಿಲ್ಲ. ಕೆಂಪು ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು, ಅದರಲ್ಲಿ 413 ಎಂಬ ಸಂಖ್ಯೆ. ಕಳಿಸಿದ್ದು ಮಿತಿಮೀರಿ ದೊಡ್ಡದು ಎಂದು ಅದರ ಅರ್ಥ.

ಎಂಜಿನ್‌ಎಕ್ಸಿಗೆ ಏನೂ ಹೇಳದೆ ಬಿಟ್ಟರೆ ಅದು 1 ಎಂಬಿಗಿಂತ ದೊಡ್ಡ ಬಾಡಿಯನ್ನು, ಎಂದರೆ ಹೆಡರುಗಳ ಕೆಳಗೆ ಬರುವ ಮೂಟೆಯನ್ನು, ಒಳಗೆ ಬಿಡುವುದಿಲ್ಲ. ಸ್ಕ್ಯಾನರಿನ ಅಂಕಪಟ್ಟಿ ಚಿಕ್ಕದು, ಒಳಗೆ ಹೋಯಿತು. ಫೋನಿನಲ್ಲಿ ತೆಗೆದದ್ದು ಅದಕ್ಕಿಂತ ಎಷ್ಟೋ ದೊಡ್ಡದು, ಬಾಗಿಲಲ್ಲೇ ನಿಂತಿತು. ನಿಂತಾಗ 413 ಎಂದು ಉತ್ತರ ಕೊಟ್ಟದ್ದು ಎಂಜಿನ್‌ಎಕ್ಸ್. ಅಪ್ಲಿಕೇಶನ್ನಿಗೆ ಸುದ್ದಿಯೇ ಹೋಗಿಲ್ಲ, ಕಾರ್ಸ್ ಹೆಡರು ಸೇರಿಸುವವರು ಯಾರು? ಎಂಜಿನ್‌ಎಕ್ಸಿನದೇ ಆದ ಆಡ್_ಹೆಡರ್ ಸಾಲು ಕೂಡ 200, 204, 301, 304ರಂಥ ಕೆಲವೇ ಉತ್ತರಗಳಿಗೆ ಹೆಡರು ಸೇರಿಸುತ್ತದೆ, ದೋಷದ ಉತ್ತರಗಳಿಗೆ ಸೇರಿಸುವುದಿಲ್ಲ. ಹೆಡರು ಇಲ್ಲದ ಉತ್ತರ ಬ್ರೌಸರಿಗೆ ಬಂತು, ಒಪ್ಪಿಗೆಯಿಲ್ಲವೆಂದು ಅದು ಬಾಗಿಲು ಮುಚ್ಚಿತು. ಸ್ಕ್ರಿಪ್ಟಿಗೆ ಸಿಕ್ಕಿದ್ದು ಫೇಲ್ಡ್ ಟು ಫೆಚ್ ಎಂಬ ಮೂರು ಪದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಮಾತು ಇದಕ್ಕಿಂತ ಚೆನ್ನಾಗಿ ಹೊಂದುವ ಜಾಗ ನನಗೆ ಇನ್ನೂ ಸಿಕ್ಕಿಲ್ಲ. ಅತ್ತ ಸರ್ವರಿನ ಎರರ್ ಲಾಗಿನಲ್ಲಿ, ಇಷ್ಟು ಬೈಟುಗಳ ಅತಿ ದೊಡ್ಡ ಬಾಡಿಯನ್ನು ಕಳಿಸಲು ಬಂದಿದ್ದರು ಎಂದು ಎಂಜಿನ್‌ಎಕ್ಸ್ ಸ್ಪಷ್ಟವಾಗಿ ಬರೆದಿಟ್ಟಿತ್ತು. ಯಾರೂ ಅದನ್ನು ತೆರೆದಿರಲಿಲ್ಲ.

ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಎಂಬ ಆ ಮಿತಿಯನ್ನು ಏರಿಸಿದರೆ ಮುಗಿಯಿತೆ? ಹಿಂದೆ ಪಿಎಚ್‌ಪಿ ಇದ್ದರೆ ಇನ್ನೂ ಎರಡು ಬಾಗಿಲು. ಒಂದೊಂದು ಫೈಲಿಗೆ 2 ಎಂಬಿ, ಇಡೀ ಪೋಸ್ಟಿಗೆ 8 ಎಂಬಿ, ಬದಲಿಸದಿದ್ದರೆ ಇವೇ ಮಿತಿ. ಎರಡನೆಯದನ್ನು ಮೀರಿದರೆ ಪಿಎಚ್‌ಪಿ ಫಾರ್ಮಿನ ಎಲ್ಲ ವಿವರವನ್ನೂ ಖಾಲಿ ಮಾಡಿ ಮುಂದೆ ಬಿಡುತ್ತದೆ. ಆಗ ಪುಟ ಹೇಳುವುದು, ಹೆಸರು ತುಂಬಿಲ್ಲ ಎಂದು! ಹೆಸರು ತುಂಬಿ ಕೂತ ವಿದ್ಯಾರ್ಥಿ ಏನು ಮಾಡಬೇಕು? ಮೂರು ಮಿತಿಯನ್ನೂ ಒಂದಕ್ಕೊಂದು ಹೊಂದಿಸಿ, ಆಡ್_ಹೆಡರಿನ ಕೊನೆಗೆ ಆಲ್ವೇಸ್ ಎಂಬ ಪದ ಸೇರಿಸಿದಾಗ ಕೆಲಸ ಮುಗಿಯಿತು. ಆ ಒಂದು ಪದದ ಬೆಲೆ ದೊಡ್ಡದು. ಮುಂದೆ ಏನೇ ಕೆಟ್ಟರೂ ಪುಟ ಅದರ ನಿಜವಾದ ಹೆಸರು ಹಿಡಿದು ಹೇಳುತ್ತದೆ, ಫೈಲು ದೊಡ್ಡದಾಯಿತು ಎಂದು ವಿದ್ಯಾರ್ಥಿಗೆ ಕನ್ನಡದಲ್ಲೇ ತಿಳಿಸಬಹುದು.

ಅಡ್ಡದಾರಿಗಳ ಬಗ್ಗೆ ಒಂದು ಮಾತು. ಬ್ರೌಸರಿನ ಭದ್ರತೆಯನ್ನೇ ಆರಿಸುವ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ದೋಷ ಡೆವಲಪರಿನ ಕಣ್ಣಿಗೆ ಮಾತ್ರ ಮರೆಯಾಗುತ್ತದೆ. ನೋ-ಕಾರ್ಸ್ ಎಂಬ ಮೋಡ್ ಕೊಟ್ಟರೆ ಕೆಂಪು ಸಾಲು ಹೋಗುತ್ತದೆ, ಉತ್ತರ ಓದುವ ಹಕ್ಕೂ ಹೋಗುತ್ತದೆ. ಯಾರು ಬಂದರೂ ಸರಿ ಎಂದು ನಕ್ಷತ್ರ ಚಿಹ್ನೆ ಬರೆದರೆ, ಕುಕೀ ಸಮೇತ ಬರುವ ರಿಕ್ವೆಸ್ಟಿಗೆ ಬ್ರೌಸರ್ ಅದನ್ನು ಒಪ್ಪುವುದೇ ಇಲ್ಲ. ಒಪ್ಪದಿರುವುದು ಸರಿ ಎಂದೇ ನನ್ನ ಅಭಿಪ್ರಾಯ. ಅನುಮತಿ ಕೊಡುವ ಒರಿಜಿನ್ನುಗಳ ಪಟ್ಟಿ ಮಾಡಿ, ಹೆಸರು ಹಿಡಿದು ಕೊಡಬೇಕು. ಹೆಸರಿನ ಕೊನೆಗೆ ಓರೆಗೆರೆ ಇರಬಾರದು, ಇದ್ದರೆ ಹೊಂದುವುದಿಲ್ಲ.

ಕನ್ನಡಿಗರ ಪಾಲಿಗೇ ಎಂಬಂತೆ ಉಳಿದಿರುವ ಇನ್ನೊಂದು ತೊಂದರೆ ಫೈಲಿನ ಹೆಸರಿನದು. ಕನ್ನಡದಲ್ಲಿ ಹೆಸರಿಟ್ಟ ಫೈಲನ್ನು ಏರಿಸಿ, ಸರ್ವರಿನಲ್ಲಿ ಹೋಗಿ ನೋಡಿದರೆ, ಓರೆಗೆರೆ ಹೊತ್ತ ಇಂಗ್ಲಿಷಿನ ಸಣ್ಣ ಎ, ಪಕ್ಕದಲ್ಲಿ ಪುಟ್ಟ 2 ಅಥವಾ 3, ಮತ್ತೆ ಅದೇ ಎ, ಮತ್ತೆ 2. ಮೊದಲ ಸಲ ಕಂಡವರು ಫೈಲು ಹಾಳಾಯಿತೆಂದು ಹೆದರುತ್ತಾರೆ. ಹಾಳಾಗಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಇದನ್ನು ಲ್ಯಾಟಿನ್-1 ಎಂದು ತಿಳಿದು ಓದಿದರೆ 224 ಆ ಓರೆಗೆರೆಯ ಎ, 178 ಮತ್ತು 179 ಆ ಪುಟ್ಟ 2 ಮತ್ತು 3. ನೋಡ್‌ನಲ್ಲಿ ಬಹಳ ಜನ ಬಳಸುವ ಮಲ್ಟರ್ ಲೈಬ್ರರಿ ಹೀಗೆಯೇ ಓದಿದ್ದುಂಟು. ಆ ಅಕ್ಷರಗಳನ್ನು ಮತ್ತೆ ಬೈಟುಗಳಾಗಿಸಿ ಯುಟಿಎಫ್-8 ಎಂದು ಓದಿದರೆ ಹೆಸರು ಹಾಗೇ ಮರಳುತ್ತದೆ. ಅರ್ಥವಾಗದ ಆ ಸಾಲಿನೊಳಗಿಂದ ಕನ್ನಡ ಎದ್ದುಬರುವುದನ್ನು ನೋಡುವುದು ನನಗೆ ಇವತ್ತಿಗೂ ಹಬ್ಬ.

ಇದಾದ ಮೇಲೂ ಒಂದು ಗಂಟು ಉಳಿಯಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲಿನ ಹೆಸರನ್ನು ಬಿಡಿಸಿ ಬರೆದುಕೊಳ್ಳುತ್ತಿತ್ತು. ಓಕಾರದ ದೀರ್ಘ ಚಿಹ್ನೆ ಅದರಲ್ಲಿ ಮೂರು ತುಂಡು. ಹಾಗಾಗಿ ‘ಫೋಟೋ’ ಎಂಬ ಹೆಸರು ಒಂದು ಕಡೆ 12 ಬೈಟು, ಇನ್ನೊಂದು ಕಡೆ 24. ಕಣ್ಣಿಗೆ ಎರಡೂ ಒಂದೇ, ಹುಡುಕುವ ಪ್ರೋಗ್ರಾಮಿಗೆ ಬೇರೆ ಬೇರೆ. ಹೆಸರು ಒಳಗೆ ಬಂದ ಕೂಡಲೆ ನಾರ್ಮಲೈಸ್ ಎಂಬ ಒಂದು ಕರೆಯಿಂದ ಕೂಡಿಸಿಟ್ಟರೆ ಸಾಕು. ಲಿನಕ್ಸಿನ ಎಕ್ಸ್‌ಟಿ4ರಲ್ಲಿ ಹೆಸರಿಗೆ 255 ಬೈಟಿನ ಮಿತಿಯಿರುವುದರಿಂದ ಕನ್ನಡಕ್ಕೆ ಸಿಗುವುದು 85 ಚಿಹ್ನೆ ಮಾತ್ರ; ಒತ್ತು, ದೀರ್ಘ ಎಲ್ಲ ಅದರಲ್ಲೇ ಸೇರಿ. ಅದಕ್ಕೇ ಡಿಸ್ಕಿನಲ್ಲಿ ಬೇರೊಂದು ಸಂಕೇತ ಕೊಟ್ಟು, ಮೂಲ ಹೆಸರನ್ನು ಡೇಟಾಬೇಸಿನಲ್ಲಿ ಇಡುವುದು ಮೇಲು.

ಯಾವ ಹೊಸ ಕೆಲಸ ಕೈಗೆತ್ತಿಕೊಂಡರೂ ಪರೀಕ್ಷೆಗೆ ನಾನು ಮೊದಲು ಏರಿಸುವ ಫೈಲು ‘ಅಜ್ಜನ ಸ್ಕ್ಯಾನ್ ಮಾಡಿದ ಫೋಟೋ’. ನಡುವೆ ಖಾಲಿ ಜಾಗವಿದೆ, ಒತ್ತಕ್ಷರವಿದೆ, ಓಕಾರವಿದೆ. ತೂಕ 9 ಎಂಬಿ, ಎಂಜಿನ್‌ಎಕ್ಸಿನ ಮತ್ತು ಪಿಎಚ್‌ಪಿಯ ಮೂರೂ ಬಾಗಿಲು ತಟ್ಟುವಷ್ಟು. ಬೇರೆ ಪೋರ್ಟಿನ ಪುಟದಿಂದ, ಪ್ರೋಗ್ರೆಸ್ ಬಾರ್ ಹಾಕಿ ಕಳಿಸುತ್ತೇನೆ. ಅದು ಹೋಗಿ ಮುಟ್ಟಿ, ಹೆಸರಿನಲ್ಲಿ ಒಂದು ಕೊಂಬೂ ಉದುರದೆ ಪಟ್ಟಿಯಲ್ಲಿ ಕಂಡ ಮೇಲೆಯೇ ಪುಟದ ಬಣ್ಣ ಯಾವುದಿರಲಿ ಎಂಬ ಮಾತು.